ಬಲೆಗೆ ಬೀಳದ ಹಾಡು

ಇಸ್ತ್ರಿ ಅಂಗಡಿಯ ಆ ಹೆಂಗಸನ್ನು ಬೀದಿಯವರೆಲ್ಲ ಕೋಗಿಲೆ ಅಂತಲೇ ಕರೆಯುತ್ತಿದ್ದರು. ಹೊಗಳಿಕೆಯೇನಲ್ಲ, ಬರೀ ಕುಚೋದ್ಯ. ಬಾಯಿ ತೆರೆದರೆ ಶ್ರುತಿ ಒಂದು ಕಡೆ, ಹಾಡು ಇನ್ನೊಂದು ಕಡೆ. ಒಡಹುಟ್ಟಿದ ಅಕ್ಕನೋ ಸಂಗೀತದ ಟೀಚರು. ತಂಗಿ ಸುಮ್ಮನೆ ಗುನುಗಿದರೂ ಮುಖ ಸಿಂಡರಿಸುತ್ತಿದ್ದಳು.

ಅದಕ್ಕೆಲ್ಲ ಸೊಪ್ಪು ಹಾಕುವ ಜಾಯಮಾನ ಕೋಗಿಲೆಯದಲ್ಲ. ಕಾಲರು, ತೋಳು, ಬೆನ್ನು ಎಂದು ಅಂಗಿಗಳ ಸುಕ್ಕು ಬಿಡಿಸುತ್ತಲೇ ಮನಸ್ಸಿನಲ್ಲಿ ಒಂದು ಮಾಯಾಲೋಕ ಕಟ್ಟಿದಳು. ಅಲ್ಲೊಬ್ಬ ಮಾಂತ್ರಿಕ. ಯಾರು ಇಂಪಾಗಿ ಹಾಡಿದರೂ ಆ ದನಿ ಅವನ ಬಲೆಗೆ ಬೀಳುತ್ತದೆ, ಹಾಡಿದವರು ಮೂಕರಾಗುತ್ತಾರೆ. ಕೊನೆಗೆ ಉಳಿಯುವವಳು ಅಪಸ್ವರದ ಒಬ್ಬ ಹುಡುಗಿ. ಅವಳ ದನಿ ಬಲೆಗೆ ಸಿಗದೆ ಬಲೆಯನ್ನೇ ಹರಿದುಹಾಕುತ್ತದೆ. ಇದನ್ನು ಕಾದಂಬರಿಯಾಗಿ ಬರೆದಾಗ ಪ್ರಕಾಶಕರೊಬ್ಬರು ಒಪ್ಪಿದರು. ಸಂಗೀತದ ವಿಷಯವಲ್ಲವೇ ಎಂದು ಅಕ್ಕನಿಗೂ ಓದಲು ಕೊಟ್ಟರು.

ಅಕ್ಕ ಪ್ರೀತಿಯಿಂದಲೇ ತಿದ್ದಿದಳು. ತಿದ್ದಿದ ಕತೆಯಲ್ಲಿ ಹುಡುಗಿ ಗುರುವಿನ ಬಳಿ ಕಲಿತು, ಜೇನಿನಂಥ ಕಂಠದಿಂದ ಹಾಡಿ ಗೆಲ್ಲುತ್ತಾಳೆ.

"ಹೀಗಿದ್ರೆ ಈ ವರ್ಷವೇ ಅಚ್ಚು. ಇಲ್ಲಾಂದ್ರೆ ಕಷ್ಟ," ಎಂದರು ಪ್ರಕಾಶಕರು, ಇಬ್ಬರನ್ನೂ ತಮ್ಮ ಕೋಣೆಗೆ ಕರೆಸಿಕೊಂಡು.

ಕೋಗಿಲೆಗೆ ಮೈಯೆಲ್ಲ ಉರಿದುಹೋಯಿತು. "ಚೆನ್ನಾಗಿ ಹಾಡಿದ್ರೆ ಇವಳೂ ಬಲೆಗೆ ಬೀಳ್ತಾಳಲ್ಲ ಸ್ವಾಮಿ! ಕತೆ ಅಲ್ಲೇ ಮುಗೀತು."

"ಅಪಸ್ವರದ ನಾಯಕಿನ ಯಾರೇ ಓದ್ತಾರೆ?" ಅಕ್ಕ ಗದರಿದಳು. "ಜನ ನಗ್ತಾರೆ."

"ನಗಲಿ. ಇಷ್ಟು ವರ್ಷ ನಕ್ಕಿದ್ದಕ್ಕೆ ನಾನೇನು ಸತ್ತೋದ್ನಾ?"

ಎದ್ದು ನಿಂತವಳೇ, ಹುಡುಗಿ ಬಲೆ ಹರಿಯುವ ಹಾಡನ್ನು ಗಂಟಲು ಬಿಟ್ಟು ಹಾಡತೊಡಗಿದಳು. ಪಕ್ಕದ ಕೋಣೆಯ ಗುಮಾಸ್ತರು ಬಾಗಿಲಲ್ಲಿ ಗುಂಪುಗೂಡಿ ಕಿಸಕ್ಕನೆ ನಕ್ಕರು. ಕೋಗಿಲೆಗೆ ನಾಚಿಕೆಯಾಗಲಿಲ್ಲ. ನುಂಗಿಕೊಂಡದ್ದೆಲ್ಲ ಹೊರಬಿದ್ದು ಎದೆ ಹಗುರಾಯಿತು. ಅಕ್ಕನಿಗೆ ಮಾತ್ರ ತಡೆಯಲಾಗಲಿಲ್ಲ. ತರಗತಿಯ ಮಕ್ಕಳನ್ನು ದಾರಿಗೆ ತರುವಂತೆ, ಸರಿಯಾದ ಶ್ರುತಿಯಲ್ಲಿ ತಾನೂ ದನಿಗೂಡಿಸಿ ತಂಗಿಯನ್ನು ಎಳೆದುಕೊಳ್ಳಲು ನೋಡಿದಳು. ತಂಗಿ ಜಗ್ಗಲಿಲ್ಲ. ಒಂದು ಸಾಲು, ಎರಡು ಸಾಲು. ಮೂರನೆಯದಕ್ಕೆ ಅಕ್ಕನದೇ ಶ್ರುತಿ ಜಾರಿತು. ಜನ್ಮದಲ್ಲೇ ಜಾರದಿದ್ದದ್ದು! ಅಕ್ಕ ಬಾಯಿ ತೆರೆದವಳು ತೆರೆದಂತೆಯೇ ನಿಂತಳು. ಗುಮಾಸ್ತರ ನಗು ಅಡಗಿತು.

"ನನ್ನ ದನಿ ಹಿಡಿಯೋಕೆ ಆಯ್ತೇನಕ್ಕಾ?"

"ಇಲ್ಲ ಕಣೇ," ಎಂದಳು ಅಕ್ಕ, ಮೆಲ್ಲಗೆ. ತಾನು ತಿದ್ದಿ ಬರೆದ ಹಾಳೆಗಳನ್ನು ಒಂದೊಂದಾಗಿ ಎತ್ತಿ ಚೀಲಕ್ಕೆ ತುರುಕಿಕೊಂಡಳು. "ಇವಳು ಬರೆದ ಹಾಗೇ ಅಚ್ಚು ಹಾಕಿ ಸಾರ್."

ಪ್ರಕಾಶಕರು ಆಗಲಿ ಎಂಬಂತೆ ತಲೆಯಾಡಿಸಿ, ಕೂತುಕೊಳ್ಳಮ್ಮ ಎಂದು ಕುರ್ಚಿ ತೋರಿಸಿದರು. ಕೋಗಿಲೆ ಕೂರಲಿಲ್ಲ. ಹಾಡು ಇನ್ನೂ ಅರ್ಧ ಬಾಕಿಯಿತ್ತು.