ದೊಡ್ಡಮ್ಮನಿಗೆ ಓದಿ ಹೇಳುತ್ತಿದ್ದ ಇಂಗ್ಲಿಷ್

ಬಿ.ಎ. ಮೂರನೆಯ ವರ್ಷದ ಮೊದಲ ದಿನ ನಾನು ಬೇಕಾದ್ದಕ್ಕಿಂತ ಬೇಗ ಕಾಲೇಜು ಮುಟ್ಟಿದ್ದೆ. ದೊಡ್ಡಮ್ಮ ತೀರಿಕೊಂಡು, ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿಸಿ ನೆಂಟರೆಲ್ಲ ಹೊರಟುಹೋದ ಮೇಲೆ ಬೀಜಾಡಿಯ ಮನೆಯಲ್ಲಿ ಹೊತ್ತು ಹೋಗುವುದೇ ಕಷ್ಟವಾಗಿತ್ತು. ಕುಂದಾಪುರದ ಬಸ್ಸು ಹತ್ತಿ ಕುಳಿತಾಗ ಏನೋ ಹಗುರವಾಯಿತು. ಆ ವರ್ಷ ಓದಬೇಕಾದ ಪುಸ್ತಕಗಳಲ್ಲಿ ಅರ್ಧದಷ್ಟನ್ನು ಹಿಂದಿನ ವರ್ಷದವರಿಂದ ಬೇಸಿಗೆಗೆ ಮೊದಲೇ ಕೇಳಿ ತಂದಿಟ್ಟುಕೊಂಡಿದ್ದೆ. ಐಚ್ಛಿಕ ಇಂಗ್ಲಿಷ್ ತೆಗೆದುಕೊಂಡವರು ನಮ್ಮ ಕ್ಲಾಸಿನಲ್ಲಿ ಕೆಲವೇ ಮಂದಿ. ಅವರೊಳಗೆ ಹುಚ್ಚು ಹತ್ತಿದವಳು ನಾನೊಬ್ಬಳೇ ಎಂದು ಉಳಿದವರು ತಮಾಷೆ ಮಾಡುತ್ತಿದ್ದರು. ಖಾಲಿ ಕ್ಲಾಸಿನಲ್ಲಿ ಕುಳಿತು ಹೊಸ ಪುಸ್ತಕದ ಹಾಳೆ ತಿರುಗಿಸುವಾಗ ನನಗೆ ಖುಷಿಯಾಗುತ್ತಿತ್ತು. ಖುಷಿಪಡಬಹುದೋ ಬಾರದೋ ಎಂದು ಮಾತ್ರ ಗೊತ್ತಾಗಲಿಲ್ಲ.

ಬೈಂದೂರಿನಿಂದ ಬರುವ ಗೆಳತಿ ಬಾಗಿಲಲ್ಲೇ ನಿಂತಳು.

"ಹ್ವಾಯ್, ಬಂದ್ಯಾ? ನೀ ಇವತ್ತ್ ಬಪ್ದಿಲ್ಲ ಅಂದ್ಕಂಡಿದ್ದೆ."

"ಎಂತಕೆ, ಬಪ್ಪುಕಾಗ್ದಾ?"

"ಹಾಂಗಲ್ಲ ಮಾರಾಯ್ತಿ" ಎಂದು ಪಕ್ಕದಲ್ಲಿ ಬಂದು ಕುಳಿತಳು. ಸ್ವಲ್ಪ ಹೊತ್ತು ನನ್ನ ಕೈ ಹಿಡಿದುಕೊಂಡಿದ್ದಳು. ಆಮೇಲೆ ಏನು ಮಾಡಬೇಕೆಂದು ಅವಳಿಗೂ ತಿಳಿಯದೆ, ನನ್ನ ಪೆನ್ನು ತೆಗೆದು ಚೆನ್ನಾಗಿದೆ ಎಂದು ಹೇಳಿದಳು. ಅದು ಹಳೆಯ ಪೆನ್ನು.

ಆ ವರ್ಷ ಬ್ರಹ್ಮಾವರದ ಕಡೆಯ ಒಬ್ಬರು ಮೇಡಂ ಹೊಸದಾಗಿ ಬಂದಿದ್ದರು. ಒಬ್ಬೊಬ್ಬರೇ ಎದ್ದು ನಿಂತು ರಜೆಯಲ್ಲಿ ಏನು ಮಾಡಿದಿರಿ ಎಂದು ಇಂಗ್ಲಿಷಿನಲ್ಲಿ ಹೇಳಬೇಕು ಎಂದರು. ಒಬ್ಬ ಮುಂಬೈಗೆ ಅಣ್ಣನ ಮನೆಗೆ ಹೋಗಿ ಬಂದದ್ದನ್ನು ಹೇಳಿದ. ನನ್ನ ಸರದಿ ಬಂದಾಗ, ನನ್ನ ಆಂಟಿ ತೀರಿಕೊಂಡರು ಎಂದು ಇಂಗ್ಲಿಷಿನಲ್ಲಿ ಹೇಳಿದೆ. ವಾಕ್ಯ ತಪ್ಪಿಲ್ಲದೆ ಬಂತು. ಹೇಳಿ ಮುಗಿದ ಮೇಲೆ ಯಾರದೋ ಮನೆಯ ಸುದ್ದಿ ಹೇಳಿದ ಹಾಗೆ ಅನಿಸಿತು. ಮೇಡಂ "ಸಾರಿ" ಎಂದು ಒಂದು ಗಳಿಗೆ ನನ್ನ ಮುಖ ನೋಡಿ ಮುಂದಿನವರ ಕಡೆ ತಿರುಗಿದರು.

ಕ್ಲಾಸು ಮುಗಿಯುವ ಮೊದಲು ಅವರು ಸೆಮಿನಾರಿನ ವಿಷಯ ತೆಗೆದರು. ಪ್ರತಿಯೊಬ್ಬರೂ ಒಂದೊಂದು ಕಥೆ ಓದಿಕೊಂಡು ಬಂದು ಕ್ಲಾಸಿನ ಎದುರು ಮಾತಾಡಬೇಕು. ಮೊದಲು ಯಾರು ಎಂದು ಕೇಳಿದರು. ನನ್ನ ಕೈ ಮೇಲೆ ಹೋಗಿತ್ತು. ಎರಡು ವರ್ಷದಿಂದ ಹಾಗೆಯೇ ಆಗುತ್ತಿದ್ದದ್ದು, ಅಭ್ಯಾಸ.

"ಮಂಡೆ ಸಮ ಇಲ್ಯಾ ನಿಂಗೆ?" ಎಂದು ಗೆಳತಿ ಬೆಂಚಿನ ಕೆಳಗೆ ಚಿವುಟಿದಳು. "ಈಗ ಎಂತ ಅರ್ಜೆಂಟ್ ಇತ್ತ್?"

ಯಾವ ಅರ್ಜೆಂಟೂ ಇರಲಿಲ್ಲ. ಯಾಕೆ ಕೈ ಎತ್ತಿದೆನೋ ಈಗಲೂ ಹೇಳಲಾರೆ.

ದೊಡ್ಡಮ್ಮ ಎಂದರೆ ಅಮ್ಮನ ಅಕ್ಕ. ಗಂಡ ತೀರಿಕೊಂಡ ಮೇಲೆ ನಮ್ಮೊಟ್ಟಿಗೇ ಇದ್ದವಳು. ಕೋಟೇಶ್ವರದ ಮಾರ್ಕೆಟ್ಟಿನಲ್ಲಿ ಮೀನು ಮಾರುತ್ತಿದ್ದಳು. ಮಳೆಗಾಲದಲ್ಲಿ ಬೋಟು ಕಡಲಿಗೆ ಇಳಿಯದಿದ್ದಾಗ ಒಣಮೀನು. ನಾನು ಪಿಯುಸಿಯಲ್ಲಿದ್ದಾಗ, ಇಂಗ್ಲಿಷ್ ಬಾಯಿಗೆ ಕೂರಬೇಕಾದರೆ ಜೋರಾಗಿ ಓದಿ ಎಂದು ನಮ್ಮ ಸರ್ ಹೇಳಿದ್ದರು. ಸಂಜೆ ಜಗಲಿಯಲ್ಲಿ ಕುಳಿತು ಓದುತ್ತಿದ್ದೆ. ದೊಡ್ಡಮ್ಮ ಮಾರ್ಕೆಟ್ಟಿನಿಂದ ಬಂದು ಮಿಂದು, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಕಂಬಕ್ಕೆ ಒರಗಿ ಕುಳಿತಿದ್ದಳು.

"ಎಂತ ಅದ್ ಮಣಮಣ?"

"ಇಂಗ್ಲಿಷ್ ಕಥಿ."

"ಒಬ್ಳೇ ಓದ್ಕಂಡ್ರೆ ಆಯ್ತಾ? ನಂಗೂ ಹೇಳ್ ಕಾಂಬ."

ಅವತ್ತಿನಿಂದ ಅದೊಂದು ಪದ್ಧತಿಯಾಯಿತು. ಮೊದಲು ಇಂಗ್ಲಿಷಿನಲ್ಲಿ ಒಂದು ಪ್ಯಾರಾ ಓದಬೇಕು. ಒಂದಕ್ಷರ ಗೊತ್ತಾಗದಿದ್ದರೂ ಅವಳು ಅದನ್ನು ಬಿಡುತ್ತಿರಲಿಲ್ಲ. "ಮೊದ್ಲ್ ಅದ್ರಗೇ ಓದ್. ಕಡಿಕ್ ನಮ್ಮ್ ಭಾಷಿಯಗೆ ಹೇಳ್" ಎನ್ನುತ್ತಿದ್ದಳು. ಓದಿ ಹೇಳಿದ ಮೇಲೆ ಅವಳ ಪ್ರಶ್ನೆಗಳು. ಒಂದು ಕಥೆಯವರನ್ನು ಇನ್ನೊಂದು ಕಥೆಯೊಳಗೆ ತಂದು ಕೂರಿಸುತ್ತಿದ್ದಳು.

"ಇವ್ಳ್ ಮೊನ್ನೆ ಸತ್ತದ್ದಲ್ದಾ?"

"ಅದ್ ಬೇರೆ ಕಥಿ ದೊಡ್ಡಮ್ಮ."

"ಬೇರೆ ಕಥಿ ಆರೆ ಎಂತ, ಊರ್ ಅದೇ ಅಲ್ದಾ?"

ಇಂಗ್ಲಿಷ್ ಕಥೆಗಳೆಲ್ಲ ಒಂದೇ ಊರಿನಲ್ಲಿ ನಡೆಯುತ್ತವೆ ಎಂದು ಅವಳ ಲೆಕ್ಕ. ಒಂದು ಕಥೆಯಲ್ಲಿ ಮೊದಲ ಪುಟದಿಂದ ಕಡೆಯವರೆಗೆ ಹಿಮ ಬೀಳುತ್ತಿತ್ತು. "ಅಲ್ಲಿಯವ್ರಿಗೆ ಐಸ್ ಹುಡ್ಕಂಡ್ ಹೋಪ್ದೇ ಬ್ಯಾಡ. ಎಷ್ಟ್ ಮೀನ್ ಉಳಿರೂ ಕೆಡುದಿಲ್ಲ" ಎಂದು ಆ ಊರಿನವರ ಬಗ್ಗೆ ನಿಜವಾಗಿ ಹೊಟ್ಟೆಕಿಚ್ಚುಪಟ್ಟಳು. ಕೆಲವು ದಿನ ನಡುವೆಯೇ ನಿದ್ದೆ ಹೋಗುತ್ತಿದ್ದಳು. ನಾನು ನಿಲ್ಲಿಸಿದ ಕೂಡಲೇ ಕಣ್ಣು ಮುಚ್ಚಿಕೊಂಡೇ "ಕಡಿಕ್ ಎಂತ ಆಯ್ತ್?" ಎಂದು ಕೇಳುತ್ತಿದ್ದಳು. ನಾನು ಇಂಗ್ಲಿಷ್ ಓದಿದ್ದೆಲ್ಲ ಹೀಗೆ. ಬೇರೆ ರೀತಿ ಓದಿ ನನಗೆ ಅಭ್ಯಾಸವೇ ಇರಲಿಲ್ಲ ಎನ್ನುವುದು ಅವಳಿರುವಷ್ಟು ದಿನ ನನಗೆ ತಿಳಿದಿರಲಿಲ್ಲ.

ಮೇ ತಿಂಗಳ ಒಂದು ಬೆಳಿಗ್ಗೆ ಎದೆನೋವು ಎಂದಳು. ರಿಕ್ಷಾ ಕುಂದಾಪುರದ ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ಸೆಮಿನಾರಿಗೆ ನನಗೆ ಬಂದ ಕಥೆ ದೊಡ್ಡದೇನಲ್ಲ. ಒಬ್ಬ ಹೆಂಗಸು ತನ್ನ ಮನೆಯನ್ನು ಮಾರಿದ್ದಾಳೆ. ಬಿಟ್ಟು ಹೋಗುವ ದಿನ ಬೆಳಿಗ್ಗೆ ಎದ್ದು ಮನೆಯ ಕಿಟಕಿಗಳನ್ನೆಲ್ಲ ತೊಳೆಯಲು ಶುರುಮಾಡುತ್ತಾಳೆ. ಮೊದಲ ಪುಟ ಇಷ್ಟು. ಆ ಪುಟವನ್ನು ನಾನು ಮತ್ತೆ ಮತ್ತೆ ಓದಿದೆ. ಶಬ್ದಗಳ ಅರ್ಥ ಎಲ್ಲ ಗೊತ್ತಿತ್ತು. ಆದರೆ ಪುಟದ ಕೊನೆಗೆ ಬರುವಾಗ ಮೊದಲು ಓದಿದ್ದು ಕೈಯಿಂದ ಜಾರಿಹೋಗಿರುತ್ತಿತ್ತು. ಎರಡನೆಯ ಪುಟಕ್ಕೆ ದಾಟಲು ಆಗುತ್ತಲೇ ಇರಲಿಲ್ಲ.

ಅಮ್ಮನನ್ನು ಕೂರಿಸಿಕೊಂಡು ಓದಿದೆ. ಅವಳು ಕೇಳಿದಳು. ಎಲ್ಲದಕ್ಕೂ "ಹೂಂ" ಎಂದಳು. ಓದುತ್ತಾ ಓದುತ್ತಾ ಅವಳ ಕಣ್ಣಲ್ಲಿ ನೀರು ತುಂಬಿದ್ದು ಕಂಡು ನಾನೇ ನಿಲ್ಲಿಸಿದೆ. ಅವಳು ಅಳುತ್ತಿದ್ದದ್ದು ಕಿಟಕಿ ತೊಳೆಯುವ ಹೆಂಗಸಿಗಾಗಿ ಅಲ್ಲ. ಗೆಳತಿಗೆ ಫೋನಿನಲ್ಲಿ ಓದಿ ಹೇಳಿದೆ. "ಸಮ್ಮರಿ ಮೊಬೈಲಗೆ ಸಿಕ್ಕತ್ತ್ ಮಾರಾಯ್ತಿ, ಕಳ್ಸ್ತೆ" ಎಂದಳು, ಕಳಿಸಿದಳು ಕೂಡ. ಅದರಲ್ಲಿ ಕಥೆಯ ಸಾರ ಇತ್ತು. ಓದಿದೆ. ಅದೂ ತಲೆಯಲ್ಲಿ ನಿಲ್ಲಲಿಲ್ಲ. ದೊಡ್ಡಮ್ಮ ಇದ್ದಿದ್ದರೆ ಇಲ್ಲಿ ಏನು ಕೇಳುತ್ತಿದ್ದಳು ಎಂದು ಊಹಿಸಲು ನೋಡಿದೆ. ಅವಳ ಪ್ರಶ್ನೆಗಳು ಊಹೆಗೆ ಸಿಗುವಂಥವಲ್ಲ.

ಆಗ ಒಂದು ಯೋಚನೆ ಹೊಕ್ಕಿತು. ನನಗೆ ಇಂಗ್ಲಿಷ್ ಇಷ್ಟ ಎಂದು ಇಷ್ಟು ವರ್ಷ ಎಲ್ಲರೂ ಹೇಳಿದರು, ನಾನೂ ನಂಬಿದೆ. ನಿಜವಾಗಿ ಇಷ್ಟವಿದ್ದದ್ದು ಇಂಗ್ಲಿಷೋ, ಜಗಲಿಯ ಆ ಸಂಜೆಯೋ? ಎರಡನೆಯದಾದರೆ ಈ ಐಚ್ಛಿಕ ಇಂಗ್ಲಿಷ್ ಇಟ್ಟುಕೊಂಡು ನಾನು ಮಾಡುವುದೇನು? ಕಾಲೇಜು ಬಿಟ್ಟರೆ ಕೋಟೇಶ್ವರದಲ್ಲಿ ಯಾವುದಾದರೂ ಅಂಗಡಿಯಲ್ಲಿ ಕೆಲಸ ಸಿಗಬಹುದು ಎಂದು ಲೆಕ್ಕ ಹಾಕಿದ್ದೂ ಉಂಟು. ಬೆಳಿಗ್ಗೆ ಮಾತ್ರ ಎಲ್ಲರಿಗಿಂತ ಮೊದಲು ಬಸ್ ಸ್ಟಾಪಿನಲ್ಲಿ ನಿಂತಿರುತ್ತಿದ್ದೆ.

ಸೆಮಿನಾರಿನ ಹಿಂದಿನ ದಿನ ಮನೆಯಲ್ಲಿ ದೊಡ್ಡಮ್ಮನಿಗೆ ಎಡೆ. ತೀರಿಹೋದವರಿಗೆ ಆಸಾಡಿ ತಿಂಗಳಲ್ಲಿ ಒಂದು ದಿನ ಅವರಿಗೆ ಇಷ್ಟವಾದದ್ದನ್ನು ಬೇಯಿಸಿ, ಒಳಗಿನ ಕೋಣೆಯಲ್ಲಿ ಬಾಳೆಲೆಗೆ ಬಡಿಸಿ, ದೀಪ ಇಟ್ಟು ಬಾಗಿಲು ಎಳೆದುಕೊಳ್ಳುವುದು ನಮ್ಮ ಮನೆಯ ಕ್ರಮ. ಅವರು ಬಂದು ಉಂಡು ಹೋಗುವವರೆಗೆ ಮನೆಯವರು ಹೊರಗೆ ಮಾತಾಡದೆ ಕೂರಬೇಕು. ಅಮ್ಮನ ತಮ್ಮ, ಅಂದರೆ ನನ್ನ ಮಾವ, ಬೋಟಿಗೆ ಹೋಗುವವನು. ಮಧ್ಯಾಹ್ನವೇ ಬಂಗುಡೆ ಹಿಡಿದುಕೊಂಡು ಬಂದ.

"ಇದ್ ಎಲ್ಲಿದಾ?" ಅಮ್ಮ ಕೇಳಿದಳು.

"ಐಸಿನದ್ದ್. ಈಗ ತಾಜಾ ಎಲ್ ಸಿಕ್ಕತ್ತ್?"

"ಐಸಿನ ಮೀನ್ ಅಕ್ಕ ತಿಂತಿದ್ಲಾ? ಎಲಿ ಬಿಸಾಡಿ ಎದ್ದ್ ಹೋತ್ಲ್ ಅವ್ಳ್."

"ಊರಿಗೆಲ್ಲ ಅದೇ ಮಾರಿದ್ದಲ್ದಾ ಅವ್ಳ್!"

"ಮಾರುದ್ ಬೇರೆ, ತಿಂಬುದ್ ಬೇರೆ."

ಕಡೆಗೆ ಎಲೆಗೆ ಬಿದ್ದದ್ದು ಕೊಚ್ಚಕ್ಕಿ ಅನ್ನ, ಕೋಳಿ ಸಾರು, ಒಣ ಸಿಗಡಿ ಚಟ್ನಿ, ಪಕ್ಕದಲ್ಲಿ ಎಲೆ ಅಡಿಕೆ. ಬಂಗುಡೆಯನ್ನೂ ಒಂದು ಮೂಲೆಯಲ್ಲಿ ಇಟ್ಟರು, ಮಾವನ ಮನಸ್ಸಿಗೆ. ಸಂಜೆ ದೀಪ ಹಚ್ಚಿ ಅಮ್ಮ ಬಾಗಿಲು ಎಳೆದಳು. ನಾವು ಮೂವರೂ ಜಗಲಿಗೆ ಬಂದು ಕುಳಿತೆವು. ಹೊರಗೆ ಮಳೆ ನಿಂತಿತ್ತು. ಮಾಡಿನ ಅಂಚಿನಿಂದ ಮಾತ್ರ ನೀರು ಬೀಳುತ್ತಿತ್ತು. ಚೀಲ ನನ್ನ ಹತ್ತಿರವೇ ಇತ್ತು. ಪುಸ್ತಕ ತೆಗೆದೆ.

"ಅಮ್ಮ, ಓದ್ಲಾ?"

ಅವಳು ಉತ್ತರ ಕೊಡುವ ಮೊದಲೇ ಮಾವ ಪಿಸುಗುಟ್ಟಿದ. "ಹ್ವಾಯ್, ಸುಮ್ನೆ ಕೂಕೊ ಕಾಂಬ. ಅವ್ಳ್ ಉಂಡ್ಕಂಡ್ ಹೋಯ್ಲಿ. ಈಗ ಮಾತಾಡುಕಾಗ."

"ಓದ್ಲಿ ಬಿಡ" ಎಂದಳು ಅಮ್ಮ. "ಇವ್ಳ್ ಓದ್ದೇ ಅಕ್ಕ ಉಂಬುಕೆ ಕೂಕಂಡದ್ದ್ ನೀ ಯಾವಾಗ್ ಕಂಡಿದ್ದೆ?"

ಓದಿದೆ. ಬಾಗಿಲಿನ ಕಡೆ ಮುಖ ಮಾಡಿ, ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ನಮ್ಮ ಭಾಷೆಯಲ್ಲಿ. ಹೆಂಗಸು ನೀರು ತಂದಳು, ಬಟ್ಟೆ ಅದ್ದಿದಳು, ಮೊದಲ ಕಿಟಕಿ ತೊಳೆದಳು. ಮನೆ ಕೊಂಡವರ ಕಾರು ರಸ್ತೆಯ ತಿರುವಿನಲ್ಲಿ ಕಂಡಿತು. ಅಲ್ಲಿ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದೆ.

ಬಾಗಿಲ ಹಿಂದೆ ಸದ್ದಿರಲಿಲ್ಲ. ಕಡಿಕ್ ಎಂತ ಆಯ್ತ್ ಎಂಬ ದನಿಗೆ ನಾನು ಕಾಯುತ್ತಿದ್ದೆ. ಕಾಯುತ್ತಿದ್ದೇನೆ ಎಂಬುದು ನನಗೆ ಸ್ವಲ್ಪ ತಡವಾಗಿ ತಿಳಿಯಿತು. ಬೊಜ್ಜದ ದಿನ ನಾನು ಅತ್ತಿರಲಿಲ್ಲ. ಇಂಗ್ಲಿಷ್ ಓದಿದ ಹುಡುಗಿಗೆ ಮನಸ್ಸು ಗಟ್ಟಿ ಎಂದು ಯಾರೋ ನೆಂಟರು ಹೇಳಿದ್ದೂ ಕಿವಿಗೆ ಬಿದ್ದಿತ್ತು.

"ನಿಲ್ಸಿದ್ದೆಂತಕೆ?" ಮಾವ ಕೇಳಿದ. ಈಗ ಅವನೂ ಪಿಸುಗುಟ್ಟುತ್ತಿರಲಿಲ್ಲ.

ಆಗ ಅಳು ಬಂತು. ಅಮ್ಮ ಪುಸ್ತಕವನ್ನು ನನ್ನ ಕೈಯಿಂದ ಮೆಲ್ಲ ತೆಗೆದು ಬದಿಗಿಟ್ಟು ನನ್ನನ್ನು ಹತ್ತಿರ ಎಳೆದುಕೊಂಡಳು. ಅವಳ ಸೀರೆಗೆ ಸಿಗಡಿ ಹುರಿದ ವಾಸನೆ ಇತ್ತು. ಎಷ್ಟೋ ಹೊತ್ತಾದ ಮೇಲೆ ಮಾವ ಕೆಮ್ಮಿ, ಬಾಗಿಲು ತಟ್ಟಿ ತೆರೆದ. ಎಲೆಯಲ್ಲಿ ಎಲ್ಲ ಇಟ್ಟಂತೆಯೇ ಇತ್ತು. ಅವನು ಮೊದಲು ಬಂಗುಡೆಯನ್ನೇ ನೋಡಿದ.

ಮರುದಿನ ಬೆಳಿಗ್ಗೆ ಮೇಡಂ ಹತ್ತಿರ ಹೋಗಿ, ನನಗೆ ಇವತ್ತು ಆಗುವುದಿಲ್ಲ ಎಂದೆ. ಯಾಕೆ ಎಂದು ಅವರು ಇಂಗ್ಲಿಷಿನಲ್ಲಿ ಕೇಳಿದರು. ನಾನು ಕನ್ನಡದಲ್ಲಿ ಹೇಳಲು ಶುರುಮಾಡಿದೆ. ಅರ್ಧಕ್ಕೆ ಅದು ನಮ್ಮ ಮನೆಯ ಮಾತಾಗಿಬಿಟ್ಟಿತು. ಅವರು ಕೈಯಲ್ಲಿದ್ದ ಪೇಪರು ಕೆಳಗಿಟ್ಟರು.

"ಆಂಟಿ ಅಂದದ್ದ್ ದೊಡ್ಡಮ್ಮನಿಗಾ? ನಿಮ್ಮೊಟ್ಟಿಗೇ ಇದ್ದವ್ರಾ?" ಎಂದು ಅವರೂ ಅದೇ ಮಾತಿನಲ್ಲಿ ಕೇಳಿದರು.

"ಹೌದ್ ಮೇಡಂ."

"ಹಾಂಗಾರೆ ಅವತ್ತೇ ಹೇಳುಕಾಗ್ದಾ ನಿಂಗೆ? ಬಪ್ಪ ವಾರ ಮಾಡ್. ಆಗದಿದ್ರೆ ಅದನ್ನೂ ಬಂದ್ ಹೇಳ್."

ಅವತ್ತು ನನ್ನ ಬದಲು ಗೆಳತಿ ಎದ್ದು ತನ್ನ ಕಥೆಯ ಬಗ್ಗೆ ಮಾತಾಡಿದಳು. ಚೆನ್ನಾಗಿಯೇ ಮಾತಾಡಿದಳು.

ಸಂಜೆ ಮನೆಗೆಂದು ಹತ್ತಿದ, ಉಡುಪಿಯ ಕಡೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ರಶ್ ಇತ್ತು, ಮಳೆಗೆ ಟಾರ್ಪಲ್ ಇಳಿಬಿಟ್ಟಿದ್ದರಿಂದ ಹೊರಗಿನದು ಕಾಣುತ್ತಿರಲಿಲ್ಲ. ಮಾಡಲು ಬೇರೆ ಕೆಲಸವಿಲ್ಲದೆ ಪುಸ್ತಕ ತೆಗೆದೆ. ಮನೆ ಕೊಂಡವರ ಕಾರು ತಿರುವಿನಲ್ಲಿ ಕಂಡಿತು ಎನ್ನುವಲ್ಲಿ ಬಿಟ್ಟಿದ್ದೆ. ಆ ಹೆಂಗಸು ಅವರನ್ನು ನೋಡಿಯೂ ಏಣಿಯಿಂದ ಇಳಿಯಲಿಲ್ಲ. ಬಂದ ಗಂಡ ಹೆಂಡತಿ ಅಂಗಳದಲ್ಲಿ ನಿಂತರು. ಒಳಗೆ ಬನ್ನಿ ಎಂದು ಯಾರು ಯಾರಿಗೆ ಹೇಳಬೇಕು ಎಂದು ಮೂವರಿಗೂ ತಿಳಿಯಲಿಲ್ಲ. ಮನೆ ಕೊಂಡ ಹೆಂಗಸು ಕೊನೆಗೆ ತನ್ನ ಕೋಟು ತೆಗೆದು, ಇನ್ನೊಂದು ಬಟ್ಟೆ ಇದೆಯೇ ಎಂದು ಕೇಳಿದಳು. ನಾನು ಪುಟ ತಿರುಗಿಸಿದೆ. ಮತ್ತೊಂದು ತಿರುಗಿಸಿದೆ.

"ಹ್ವಾಯ್ ತಂಗಿ, ನಿಂದ್ ಬೀಜಾಡಿ ಅಲ್ದಾ?"

ತಲೆ ಎತ್ತಿದೆ. ಕಂಡಕ್ಟರ್ ನನ್ನನ್ನೇ ನೋಡುತ್ತಿದ್ದ. ಬಸ್ಸು ಅರ್ಧ ಖಾಲಿಯಾಗಿತ್ತು.

"ಹೌದ್. ಬಂತಾ?"

"ಬಂದದ್ದಾ? ಹೋಯಿ ಎಷ್ಟ್ ಹೊತ್ತಾಯ್ತ್! ಇದ್ ಬ್ರಹ್ಮಾವರ. ಪುಸ್ತಕದೊಳ್ಗೇ ಇಳುದಾ ಹ್ಯಾಂಗೆ?"

ಹಿಂದಿನ ಸೀಟಿನವರು ನಕ್ಕರು. ಇಳಿದು ರಸ್ತೆ ದಾಟಿ, ಕುಂದಾಪುರದ ಕಡೆಯ ಬಸ್ಸಿಗೆ ನಿಂತೆ. ಅಷ್ಟರಲ್ಲಿ ಅಮ್ಮನ ಫೋನು.

"ಎಲ್ಲಿದ್ದೆ?"

"ಬ್ರಹ್ಮಾವರ."

"ಅಲ್ಲೆಂತ ಕೆಲ್ಸ ನಿಂಗೆ?"

"ಓದ್ತಾ ಕೂಕಂಡಿದ್ದೆ. ಇಳುಕೆ ಮರ್ತೋಯ್ತ್."

ಅಮ್ಮ ನಕ್ಕಳು. ಅವಳು ನಕ್ಕದ್ದು ಕೇಳಿ ತುಂಬ ದಿನವಾಗಿತ್ತು. ಬೇಗ ಬಾ ಎಂದು ಫೋನ್ ಇಟ್ಟಳು. ನನಗೂ ನಗು ಬಂದಿತ್ತು. ಕಥೆ ಪೂರ್ತಿ ತಿಳಿದಿತ್ತು. ಯಾರಿಗೂ ಓದಿ ಹೇಳದೆ, ಒಬ್ಬಳೇ ಕುಳಿತು ಓದಿ ತಿಳಿದಿತ್ತು. ಮುಂದಿನ ವಾರ ಮಾತಾಡಬಹುದು ಎಂದುಕೊಂಡೆ. ಹಾಗೆ ಅಂದುಕೊಂಡ ಕೂಡಲೇ ಹೊಳೆಯಿತು. ಕುಂದಾಪುರದಿಂದ ಇಲ್ಲಿಯವರೆಗೆ ದೊಡ್ಡಮ್ಮನ ನೆನಪು ನನಗೆ ಒಮ್ಮೆಯೂ ಬಂದಿರಲಿಲ್ಲ. ಕೋಟೇಶ್ವರದ ಮಾರ್ಕೆಟ್ಟಿನ ಎದುರಿನಿಂದಲೇ ಬಸ್ಸು ಹಾದುಹೋಗಿರಬೇಕು, ನಾನು ನೋಡಿರಲಿಲ್ಲ.

ಇದಕ್ಕೆ ಸಂತೋಷಪಡಬೇಕೋ ಬೇಡವೋ ಎಂದು ಯಾರನ್ನಾದರೂ ಕೇಳಬೇಕೆನಿಸಿತು. ಪಕ್ಕದಲ್ಲಿ ಒಬ್ಬರು ಮುದುಕರು ಕೊಡೆ ಹಿಡಿದು ನಿಂತಿದ್ದರು. ಅವರನ್ನು ಕೇಳುವಂಥದ್ದಲ್ಲ. ಬಸ್ಸು ಬಂತು, ಹತ್ತಿದೆ. ಪುಸ್ತಕವನ್ನು ಚೀಲದೊಳಗೆ ಹಾಕಿ ಜಿಪ್ಪು ಎಳೆದು ತೊಡೆಯ ಮೇಲಿಟ್ಟುಕೊಂಡೆ. ಟಾರ್ಪಲ್ ಸರಿಸಿ, ಮಳೆಹನಿ ಮುಖಕ್ಕೆ ಬಿದ್ದರೂ ಬಿಡದೆ, ಒಂದೊಂದು ಊರು ಬರುವುದನ್ನೇ ನೋಡುತ್ತಾ ಕುಳಿತೆ.