ನಮ್ಮ ಡ್ರಿಲ್ ಮೇಷ್ಟ್ರ ಮೂರು ಕಾಲಿನ ಓಟ

ಸಾಂಕ್ರಾಮಿಕ ರೋಗದ ಆ ವರ್ಷ ಶಾಲೆಯ ವಾರ್ಷಿಕ ಕ್ರೀಡಾಕೂಟವೇ ಬೇಡವೆಂದು ಎಲ್ಲರೂ ಕೈಚೆಲ್ಲಿದಾಗ ಪಟ್ಟು ಹಿಡಿದವರು ನಮ್ಮ ಡ್ರಿಲ್ ಮೇಷ್ಟ್ರು ಒಬ್ಬರೇ. ಮಾಸ್ಕ್ ಹಾಕಿಕೊಂಡು ಸೀಟಿ ಊದುವಂತಿಲ್ಲವಲ್ಲ, ಅದಕ್ಕೆ ಸ್ಟೀಲ್ ತಟ್ಟೆಯನ್ನು ಸೌಟಿನಿಂದ ಬಡಿಯುತ್ತಿದ್ದರು. ಮೈದಾನದ ತುಂಬ ಸುಣ್ಣದಲ್ಲಿ ವೃತ್ತಗಳನ್ನು ಬರೆದು, "ಅವರವರ ರೌಂಡಿಗೆ ಅವರವರೇ ರಾಜರು, ಆಚೆ ಕಾಲಿಟ್ರೆ ಜೋಕೆ!" ಎಂದು ಗದರುತ್ತಿದ್ದರು. ಹಗ್ಗಜಗ್ಗಾಟ ರದ್ದಾಗಿ ಕಪ್ಪೆ ಓಟ ಉಳಿಯಿತು. ಕಪ್ಪೆಗಳ ನಡುವೆ ಎಷ್ಟು ಅಂತರ ಬೇಕೆಂದು ತಾವೇ ಕುಪ್ಪಳಿಸಿ ನೋಡಿ, ವಾರವಿಡೀ ಸೊಂಟ ಹಿಡಿದುಕೊಂಡು ಓಡಾಡಿದರು. ಮೂರು ಕಾಲಿನ ಓಟಕ್ಕೆ ಒಂದೇ ಮನೆಯ ಮಕ್ಕಳು ಜೋಡಿಯಾಗಬೇಕೆಂದು ನಿಯಮ ಮಾಡಿದರು. ಅಣ್ಣತಂಗಿಯರು ಕಾಲು ಕಟ್ಟಿಕೊಂಡು ನಿಂತಾಗ ಪುಟ್ಟ ಹುಡುಗಿಯೊಬ್ಬಳು, "ಸಾರ್, ನಮ್ಮನೇಲಿ ನಾನು, ಅಜ್ಜಿ ಇಬ್ರೇ" ಎಂದು ಅಳತೊಡಗಿದಳು. "ಅಜ್ಜಿಗೇನು ಕಾಲಿಲ್ವಾ? ಕರ್ಕೊಂಡು ಬಾ!" ಎಂದರು ಮೇಷ್ಟ್ರು. ಅಜ್ಜಿ ಮಾಸ್ಕ್ ಸರಿಮಾಡಿಕೊಳ್ಳುತ್ತಾ ಬಂದೇಬಿಟ್ಟರು. ಮೇಷ್ಟ್ರು ಉಳಿದವರನ್ನೆಲ್ಲ ಗೋಡೆಯ ಬಳಿಗೆ ಕಳುಹಿಸಿ, ಇಡೀ ಮೈದಾನವನ್ನು ಅವರಿಬ್ಬರಿಗೇ ಬಿಟ್ಟುಕೊಟ್ಟರು. ಅಜ್ಜಿ, ಮೊಮ್ಮಗಳು ನಗುತ್ತಾ, ತೂರಾಡುತ್ತಾ ಹೊರಟರು. ನಿಧಾನ ಮಾಡಿದವರನ್ನು ಕಂಡರೆ ಸಿಡಿಮಿಡಿಗೊಳ್ಳುತ್ತಿದ್ದ ಮೇಷ್ಟ್ರು ಅಂದು ಸ್ವಲ್ಪ ದೂರದಲ್ಲಿ, ಬಿದ್ದರೆ ಹಿಡಿಯಲೆಂದು ಎರಡೂ ಕೈ ಚಾಚಿಕೊಂಡು, ಎಲ್ಲೂ ಮುಟ್ಟದೆ, ಕೊನೆಯ ಗೆರೆಯವರೆಗೂ ಅವರ ಜೊತೆಜೊತೆಗೇ ನಡೆದರು.