ನಾನು ಸಹಿ ಮಾಡಿದ ನೀರು

ಧಾರವಾಡದಲ್ಲಿ ಕೆಮಿಸ್ಟ್ರಿ ಓದಿದ ನಾನು ಮದುವೆಯಾಗಿ ಮಡಗಾಂವಿಗೆ ಬಂದೆ. ಎರಡು ಸಾವಿರದ ಎಂಟರ ಸುಮಾರಿಗೆ, ಅಲ್ಲಿಂದ ಬಸ್ಸಿನಲ್ಲಿ ಮುಕ್ಕಾಲು ತಾಸಿನ ದಾರಿಯ ಒಂದು ಸಣ್ಣ ಊರಿನಲ್ಲಿ, ಗಟಾರದ ನೀರು ಶುದ್ಧ ಮಾಡುವ ಪ್ಲಾಂಟಿನಲ್ಲಿ ಕೆಲಸ ಸಿಕ್ಕಿತು. ಹಳ್ಳಕ್ಕೆ ಬಿಡುತ್ತಿದ್ದ ನೀರು ನಿಯಮಕ್ಕೆ ಹೊಂದುತ್ತಿರಲಿಲ್ಲ. ಅದಕ್ಕೇ ಹೊಸ ತೊಟ್ಟಿ ಕಟ್ಟಿ, ನೀರಿಗೆ ಗಾಳಿ ಊದುವ ಎರಡು ದೊಡ್ಡ ಯಂತ್ರ ಕೂಡಿಸಿದ್ದರು. ನೀರು ಪರೀಕ್ಷಿಸಿ ವರದಿಗೆ ಸಹಿ ಹಾಕುವುದು ನನ್ನ ಕೆಲಸ.

ಎಂಜಿನಿಯರ್ ಬೆಳಗಾವಿಯವರು. ಮೊದಲ ದಿನದಿಂದ ನನ್ನನ್ನು ತಂಗಿ ಎಂದೇ ಕರೆದರು. ನಾನು ಬಸುರಿಯಾದಾಗ ಅವರ ಹೆಂಡತಿ ಕರಿಗಡಬು ಮಾಡಿ ಕಳಿಸಿದರು. ಎಂಜಿನಿಯರೂ ಒಂದು ಮಾತು ಹೇಳಿದರು:

"ನೀರು ಹೊರಗ ಬೀಳೋ ಕಡೆ ಮೆಟ್ಟಿಲು ಭಾಳ ಜಾರತಾವ. ನೀ ಇಳೀಬ್ಯಾಡವಾ. ಸ್ಯಾಂಪಲ್ ಬಾಟಲಿ ನಾನ ತುಂಬಿಕೊಂಡು ಬರ್ತೀನಿ."

ನನ್ನ ಸ್ವಂತ ಅಣ್ಣನೂ ಅಷ್ಟು ಕಾಳಜಿ ಮಾಡಿರಲಿಲ್ಲ.

ಪ್ರತಿ ವಾರ ಬಾಟಲಿ ಬರುತ್ತಿತ್ತು, ಪರೀಕ್ಷೆ ಪಾಸಾಗುತ್ತಿತ್ತು. ಹಳ್ಳದ ದಂಡೆಗೆ ವಿಜಾಪುರ ಕಡೆಯ ಕೂಲಿ ಜನರ ವಸ್ತಿ ಇತ್ತು. ಅಲ್ಲಿನ ಒಬ್ಬ ಅಜ್ಜಿ ಮೆಂತೆ, ರಾಜಗಿರಿ ಸೊಪ್ಪು ಬೆಳೆದು ಬಸ್‌ಸ್ಟಾಪಿನಲ್ಲಿ ಮಾರುತ್ತಿದ್ದಳು. ಒಂದು ದಿನ ಕೇಳಿದಳು, "ಬಾಯಾರ, ಹಳ್ಳದ ನೀರು ಈಗ ಚಲೋ ಆಗೈತೇನ್ರಿ?"

"ಆಗೈತಿ ಅಜ್ಜಿ. ನಾನ ನೋಡೀನಿ," ಎಂದೆ, ಹೆಮ್ಮೆಯಿಂದ.

ನನಗೆ ಏಳನೇ ತಿಂಗಳಿದ್ದಾಗ ಎಂಜಿನಿಯರ್ ಒಂದು ಲಗ್ನಕ್ಕೆಂದು ಊರಿಗೆ ಹೋದರು. ಬಾಟಲಿ ತರುವವರಿಲ್ಲವೆಂದು ಕಂಬಿ ಹಿಡಿದು ನಾನೇ ಇಳಿದೆ. ಮೆಟ್ಟಿಲು ಒಣಗಿದ್ದವು. ಕೆಳಗೆ ಬೂದು ಬಣ್ಣದ ನೀರು ನಾರುತ್ತ ಹಳ್ಳಕ್ಕೆ ಬೀಳುತ್ತಿತ್ತು. ತಿರುಗಿ ಮೇಲೆ ಬಂದು ನೋಡಿದರೆ ಒಂದು ಯಂತ್ರ ನಿಂತೇ ಇತ್ತು, ಮೇಲೆಲ್ಲ ಧೂಳು.

ಅವರು ಬಂದ ದಿನವೇ ಕೇಳಿದೆ, "ಇಷ್ಟು ದಿನ ಬಾಟಲಿ ಎಲ್ಲಿಂದ ತುಂಬಿದ್ರಿ, ಸರ್?"

ಅವರು ತಡವರಿಸಲಿಲ್ಲ. "ಅರ್ಧ ಬೋರಿನ ನೀರು ಬೆರೆಸ್ತಿದ್ದೆ. ಮಷಿನ್ ಕೆಟ್ಟೈತಿ, ರಿಪೇರಿ ಆಗೂತನಕ ನಡೀಬೇಕಲ್ಲ? ನಿನ್ನ ಸಹಿ ಇದ್ರ ಯಾರೂ ತಿರುಗಿ ಕೇಳೂದಿಲ್ಲ."

ಮೇಲಿನವರಿಗೆ ನಾನು ಇದ್ದದ್ದನ್ನು ಇದ್ದಂತೆ ಬರೆದುಕೊಟ್ಟೆ. ವಿಚಾರಣೆಯಲ್ಲಿ ಎಂಜಿನಿಯರ್ ನನ್ನ ಪಕ್ಕದ ಕುರ್ಚಿಯಲ್ಲೇ ಕೂತಿದ್ದರು. "ಸ್ಯಾಂಪಲ್ ತಗೊಳ್ಳೂದು ಕೆಮಿಸ್ಟರ ಕೆಲಸ. ವರದಿ ಮ್ಯಾಲೆ ಅವರ ಸಹಿನೇ ಐತಿ ನೋಡ್ರಿ," ಎಂದರು. ಆಗಲೂ ತಂಗಿ ಎಂದೇ ಕರೆದು, ಬಸುರಿ ಹೆಂಗಸು, ದೊಡ್ಡ ಶಿಕ್ಷೆ ಬೇಡ ಎಂದು ನನ್ನ ಪರವಾಗಿ ಬೇಡಿಕೊಂಡರು. ಹಾಗೆ ಬೇಡಿಕೊಂಡದ್ದಕ್ಕೆ ಬಂದಷ್ಟು ಸಿಟ್ಟು ಅವರ ಸುಳ್ಳಿಗೂ ನನಗೆ ಬರಲಿಲ್ಲ. ನನ್ನನ್ನು ಕೆಲಸದಿಂದ ತೆಗೆದರು.

ಅವತ್ತೇ ಅಜ್ಜಿಯ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವಳು ಮೊಮ್ಮಗಳನ್ನು ಕರೆದು ಲಂಗ ಮೇಲೆತ್ತಿ ತೋರಿಸಿದಳು. ಮೊಣಕಾಲಿನ ಕೆಳಗೆಲ್ಲ ಕೀವುಗುಳ್ಳೆ.

"ನೀವು ಹೇಳಿದ್ರಿ ಅಂತ ಹಳ್ಳದಾಗ ಆಡಾಕ ಬಿಟ್ಟೆ," ಎಂದಳು. "ಓದಿದವರು ಸುಳ್ಳು ಹೇಳಾಂಗಿಲ್ಲ ಅನ್ಕೊಂಡಿದ್ದೆ."

ನನಗೂ ಮೋಸ ಆಗಿದೆ ಎಂದು ಹೇಳಲು ಹೋದೆ. ಅವಳು ಸೊಪ್ಪಿಗೆ ನೀರು ಚಿಮುಕಿಸತೊಡಗಿದ್ದಳು, ಕೇಳಿಸಿಕೊಳ್ಳಲಿಲ್ಲ.

ಮುಂದಿನ ವರ್ಷ ಯಂತ್ರ ರಿಪೇರಿಯಾಯಿತು, ನೀರು ಖರೇನೇ ತಿಳಿಯಾಗಿದೆ ಎಂದು ಪ್ಲಾಂಟಿನ ಗೆಳತಿಯೊಬ್ಬಳು ಫೋನ್ ಮಾಡಿದಳು. "ಅಜ್ಜಿಗೆ ನೀನ ಹೋಗಿ ಹೇಳು," ಎಂದೆ ಅವಳಿಗೆ.